ಪಡಸಾಲೆಯ ಕಾಕ್‌ಪಿಟ್

ಕಾರ್ತಿಕ ಕಳೆದು ಅರಕೆರೆಯ ಸುತ್ತ ಆಲೆಮನೆಗಳು ಹೊಗೆಯಾಡಲು ಶುರುವಾದರೆ ಊರಿನವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಭಯ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸಿಹಿಯಾದ, ತುಸು ಸೀದ ಆ ವಾಸನೆ ಮೊನ್ನೆ ಬೆಳಿಗ್ಗೆ ನಾಲೆಯ ಕಡೆಯಿಂದ ಬಂತು. ನಾನು ಅಂಗನವಾಡಿಯ ಬೀಗ ತೆಗೆಯುತ್ತಿದ್ದೆ. ಒಳಗೆ ಹೋಗಿ ಚಾಪೆ ಹಾಸಿ, ಮಕ್ಕಳ ಹಾಜರಿ ಬರೆದು, ಮೊಟ್ಟೆ ಬೇಯಲು ಇಟ್ಟ ಮೇಲೂ ಮನಸ್ಸು ಆ ವಾಸನೆಯ ಹಿಂದೆಯೇ ಇತ್ತು. ಮೂರು ವರ್ಷದ ಹಿಂದೆ ಇದೇ ಕಾಲದಲ್ಲಿ, ಇದೇ ವಾಸನೆಯ ನಡುವೆ, ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ವಾರ ಕಳೆದೆವು. ಅದನ್ನು ಬರೆದಿಡಬೇಕು ಎಂದು ಅಂದುಕೊಳ್ಳುತ್ತಲೇ ಇದ್ದೆ.

ನನ್ನ ಮಗಳು ಅನುಸೂಯ. ಮನೆಯಲ್ಲಿ ಅನು. ವಿಮಾನ ಹಾರಿಸುವ ಲೈಸೆನ್ಸು ಕೈಗೆ ಬಂದು ಎರಡು ವರ್ಷವಾಗಿದ್ದರೂ ಅವಳು ಊರಿನಲ್ಲೇ ಇದ್ದಳು. ದಿನಾ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿ ಬರುತ್ತಿದ್ದಳು. ಲೈಸೆನ್ಸು ಸಿಕ್ಕ ಹೊಸದರಲ್ಲಿ ಒಂದು ಕಂಪನಿ ಕರೆದಿತ್ತು. ಬರೆಯುವ ಪರೀಕ್ಷೆ, ಸಂದರ್ಶನ ಎಲ್ಲ ದಾಟಿದಳು. ಕೊನೆಗೆ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲೇ ಇರುವ ನಕಲಿ ವಿಮಾನದಲ್ಲಿ ಕೂರಿಸಿ ಪರೀಕ್ಷಕರು ಒಂದು ಪ್ರಶ್ನೆ ಕೇಳಿದರು. ಗೊತ್ತಿದ್ದದ್ದೇ. ಅವಳ ಬಾಯಿ ಕಟ್ಟಿತು. ನಾಲಗೆ ಅಂಗುಳಿಗೆ ಅಂಟಿಕೊಂಡ ಹಾಗಾಯಿತು ಎಂದು ಆಮೇಲೆ ಒಂದೇ ಒಂದು ಸಲ ನನಗೆ ಹೇಳಿದ್ದಳು. ಆ ವಿಷಯ ಮತ್ತೆ ಮನೆಯಲ್ಲಿ ಎದ್ದಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದ ವಾರ ಇನ್ನೊಂದು ಕಂಪನಿಯ ಪತ್ರ ಬಂತು. ಸಂಕ್ರಾಂತಿ ಕಳೆದ ಮೇಲೆ ಹೊಸಬರ ತರಬೇತಿಗೆ ಬಂದು ಸೇರಬೇಕು. ಅಷ್ಟರೊಳಗೆ ಓದಿಕೊಂಡು ಬರಲು ದಿಂಬಿನಷ್ಟು ದಪ್ಪದ ಪುಸ್ತಕಗಳನ್ನು ಕಂಪ್ಯೂಟರಿಗೆ ಕಳಿಸಿದ್ದರು. ಪತ್ರವನ್ನು ಅನು ನಮಗೆ ಕನ್ನಡ ಮಾಡಿ ಓದಿದಳು. ಸಿಮ್ಯುಲೇಟರ್ ಪರೀಕ್ಷೆಯಲ್ಲಿ ತಪ್ಪಿದವರಿಗೆ ಇನ್ನೊಂದೇ ಅವಕಾಶ, ಅದರಲ್ಲೂ ತಪ್ಪಿದರೆ ಮನೆಗೆ ಎಂಬ ಸಾಲು ಬಂದಾಗ ಅವಳ ದನಿ ಇಳಿಯಿತು. ಅವರಪ್ಪ ಸಂತೋಷದಲ್ಲಿ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ.

ನನ್ನ ಭಯ ಎರಡು ಬಗೆಯದು. ಇವಳು ಮತ್ತೆ ಬಾಯಿ ಕಟ್ಟಿ ತಿರುಗಿ ಬಂದರೆ ಈ ಸಲ ಏಳುವುದಿಲ್ಲ ಎಂಬುದು ಒಂದು. ಪಾಸಾದರೆ ದಿನಾ ಅಷ್ಟು ಎತ್ತರದಲ್ಲಿ ಇರುತ್ತಾಳಲ್ಲ ಎಂಬುದು ಇನ್ನೊಂದು. ಒಂದು ಭಯ ಕಡಿಮೆಯಾದರೆ ಇನ್ನೊಂದು ತಲೆ ಎತ್ತುತ್ತಿತ್ತು. ಟಿ.ವಿ.ಯಲ್ಲಿ ವಿಮಾನದ ಸುದ್ದಿ ಏನಾದರೂ ಬಂದರೆ ಚಾನೆಲ್ ಬದಲಿಸಿ ಅಡುಗೆ ಕಾರ್ಯಕ್ರಮ ಹಾಕುತ್ತಿದ್ದೆ. ಎದುರು ಮನೆಯ ಪುಟ್ಟತಾಯಮ್ಮ ಹಾಲು ಕೊಡಲು ಬಂದವಳು ಒಂದು ದಿನ ಹೊಸಿಲ ಮೇಲೆ ಕೂತು ಕೇಳಿದಳು. "ಅಲ್ಲ ಟೀಚರಮ್ಮ, ಬಸ್ಸಾದ್ರೆ ಪಕ್ಕಕ್ಕೆ ತಗ್ದು ನಿಲ್ಲಿಸ್ಬೋದು. ಅದು ಮೇಲ್ ಕೆಟ್ರೆ ಎಲ್ ನಿಲ್ಲಿಸ್ತಾಳೆ ನಿಮ್ಮುಡ್ಗಿ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನಮ್ಮ ಯಜಮಾನರು ಮರಗೆಲಸದವರು. ತಲೆತಲಾಂತರದಿಂದ ಆಚಾರಿಗಳ ಮನೆ. ಅನು ಕಾಕ್‌ಪಿಟ್ಟಿನ ದೊಡ್ಡ ಚಿತ್ರವೊಂದನ್ನು ಮೈಸೂರಿನಲ್ಲಿ ಬ್ಯಾನರ್ ಹಾಗೆ ಪ್ರಿಂಟ್ ಹಾಕಿಸಿ ತಂದು ಗೋಡೆಗೆ ಅಂಟಿಸಿದ್ದಳು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಯಾವ ಗುಂಡಿ ಆದ ಮೇಲೆ ಯಾವ ಗುಂಡಿಗೆ ಕೈ ಹೋಗಬೇಕೆಂಬುದನ್ನು ಗಾಳಿಯಲ್ಲೇ ರೂಢಿ ಮಾಡುತ್ತಿದ್ದಳು. ಇವರು ಎರಡು ದಿನ ಬಾಗಿಲಲ್ಲಿ ನಿಂತು ನೋಡಿದರು. ಮೂರನೇ ದಿನ ಯಾರದೋ ಅಡುಗೆಮನೆ ಕೆಲಸದಲ್ಲಿ ಉಳಿದ ಪ್ಲೈವುಡ್ ಹೊತ್ತು ತಂದು ಅಳತೆ ಶುರು ಮಾಡಿದರು. ಪಡಸಾಲೆಯ ದಿವಾನ್ ಹಿತ್ತಲಿಗೆ ಹೋಯಿತು. ಎರಡು ಸೀಟು, ನಡುವೆ ಒಂದು ಪೀಠ, ಎದುರಿಗೆ ಹಲಗೆ, ತಲೆಯ ಮೇಲೆ ಇನ್ನೊಂದು ಹಲಗೆ. ಚಿತ್ರವನ್ನು ಕತ್ತರಿಸಿ ಹಲಗೆಗಳಿಗೆ ಅಂಟಿಸಿದರು. ಇಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿಗಳನ್ನು ಮಾತ್ರ ತೇಗದಲ್ಲಿ ಕಡೆದು ಮಾಡಿದರು.

ಒಂದು ಎಡವಟ್ಟಾಯಿತು. ಅನು ಕೂರಬೇಕಾದದ್ದು ಬಲಗಡೆಯ ಸೀಟು. ಹೊಸಬರಿಗೆ ಅದೇ, ಎಡಗಡೆಯದು ಕ್ಯಾಪ್ಟನ್ನಿನ ಜಾಗ. ಹಾಗಾಗಿ ಆ ಹಿಡಿಗಳು ಅವಳ ಎಡಗೈಗೆ ಬರುತ್ತವೆ. ಇವರು ಮಾತ್ರ ಹಿಡಿಗಳನ್ನು ಅವಳ ಬಲಗಡೆಗೆ ಇನ್ನೊಂದು ಪೀಠ ಮಾಡಿ ಕೂರಿಸಿದ್ದರು. ಅನು ನಗಲೂ ಆಗದೆ ಅಳಲೂ ಆಗದೆ ನಿಂತಳು.

"ಚಿತ್ರದಾಗೆ ಎಂಗಾದ್ರೂ ಇರ್ಲಿ ಕಣವ್ವ. ವಿಮಾನ ಎತ್ತೋ ಕೆಲ್ಸನ ಎಡಗೈಲಿ ಮಾಡ್ತಾರಾ ಯಾರಾದ್ರೂ?" ಎಂದರು ಇವರು, ನಿಜವಾಗಿಯೂ ಗಾಬರಿಯಿಂದ.

ಅವಳಿಗೂ ಅದೇ ಕಷ್ಟವಾಗಿತ್ತು. ತರಬೇತಿ ಶಾಲೆಯ ಪುಟ್ಟ ವಿಮಾನದಲ್ಲಿ ಎಡಗಡೆ ಕೂತು, ಬಲಗೈಯಲ್ಲಿ ಶಕ್ತಿ ಕೊಟ್ಟು ಕಲಿತವಳು ಈಗ ಎಲ್ಲವನ್ನೂ ತಿರುವುಮುರುವು ಮಾಡಿಕೊಳ್ಳಬೇಕಿತ್ತು. ಇವರು ಗೊಣಗುತ್ತಲೇ ಆ ಪೀಠ ಕಿತ್ತು ಹಿಡಿಗಳನ್ನು ನಡುವಿನ ಪೀಠಕ್ಕೆ ಕೂರಿಸಿದರು. ಆದರೂ ಮೊದಲ ದಿನ ಆ ಹಿಡಿಗಳಿಗೆ ಅರಿಸಿನ ಕುಂಕುಮ ಇಟ್ಟು, ಅವಳ ಬಲಗೈಯಲ್ಲೇ ಒಂದು ಸಲ ಮುಟ್ಟಿಸಿ ಆಮೇಲೆ ಎಡಗೈಗೆ ಬಿಟ್ಟರು.

ನನ್ನ ಪಾಲಿನ ಕೆಲಸ ಓದುವುದು. ವಿಮಾನದಲ್ಲಿ ಒಂದೊಂದು ಹಂತಕ್ಕೂ ಒಂದೊಂದು ಪಟ್ಟಿ ಇದೆಯಂತೆ. ಒಬ್ಬರು ಪಟ್ಟಿಯ ಒಂದು ಸಾಲು ಓದಬೇಕು, ಇನ್ನೊಬ್ಬರು ಅದನ್ನು ಕಣ್ಣಿನಿಂದ ನೋಡಿ, ಕೈಯಿಂದ ತೋರಿಸಿ ಉತ್ತರ ಹೇಳಬೇಕು. ನನ್ನ ಇಂಗ್ಲಿಷು ಅಂಗನವಾಡಿಯ ರಿಜಿಸ್ಟರಿಗೆ ಸಾಲುವಷ್ಟು. ಅನು ಹೇಳಿದ್ದನ್ನೆಲ್ಲ ಹಳೆಯ ತೂಕದ ಚಾರ್ಟುಗಳ ಬೆನ್ನಿಗೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಪಾರ್ಕಿಂಗ್ ಬ್ರೇಕ್. ಫ್ಲೈಟ್ ಕಂಟ್ರೋಲ್ಸ್. ಫ್ಲಾಪ್ಸ್, ಅಂದರೆ ಏಳುವ ಮುಂಚೆ ಕೆಳಕ್ಕೆ ಬಾಗಿಸುವ ರೆಕ್ಕೆಯ ಅಂಚು. ಎದುರಿಗೆ ಉತ್ತರ. ಬೆಳಿಗ್ಗೆ ಒಂದು ಗಂಟೆ, ಸಂಜೆ ನಾಲ್ಕೂವರೆಯಿಂದ ಎರಡು ಗಂಟೆ. ಎಷ್ಟು ಸಾಲು ಸರಿ, ಎಷ್ಟು ತಪ್ಪು ಎಂದು ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ತೂಕ ಬರೆದ ಕೈ, ಬರೆಯದೆ ಇರದು.

ಪಟ್ಟಿಗಿಂತ ಹೆದರಿಸಿದ್ದು ಓದಿಕೊಳ್ಳದೆ, ನೆನಪಿನಿಂದಲೇ ತಕ್ಷಣ ಮಾಡಬೇಕಾದ ಕೆಲಸಗಳು. ಅದರಲ್ಲೂ ಸ್ಟಾಲ್ ಎಂಬುದು. ವಿಮಾನದ ವೇಗ ಸತ್ತು ರೆಕ್ಕೆ ಎತ್ತುವುದನ್ನು ಬಿಟ್ಟುಬಿಡುತ್ತದೆ, ಆಗ ಮೊದಲು ಮೂತಿಯನ್ನು ಕೆಳಕ್ಕೆ ತಗ್ಗಿಸಬೇಕು, ಆಮೇಲೆ ರೆಕ್ಕೆ ಸಮ, ಆಮೇಲೆ ಶಕ್ತಿ. ಬೀಳುತ್ತಿರುವಾಗ ಇನ್ನೂ ಕೆಳಕ್ಕೆ ಮುಖ ಮಾಡುವುದೇ ಎಂದು ನಾನು ಕೇಳಿದೆ. "ಸೈಕಲ್ ನಿಂತಂಗಾದ್ರೆ ಬೀಳ್ತೀವಿ ಅಲ್ವೇನಮ್ಮ, ಇಳಿಜಾರಿಗೆ ಬಿಟ್ರೆ ಮತ್ತೆ ಓಡತ್ತೆ. ಹಂಗೆ," ಎಂದಳು. ಅರ್ಥವಾಯಿತು, ಧೈರ್ಯ ಬರಲಿಲ್ಲ. ಅವಳಿಗೂ ಬಂದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಓಕರಿಸುತ್ತಿದ್ದಳು. ಮುದ್ದೆ ಅರ್ಧಕ್ಕೆ ಬಿಡುತ್ತಿದ್ದಳು. ಬಾಚಣಿಗೆಯಲ್ಲಿ ಕೂದಲು ಕಂಡರೆ ನಾನು ಸುತ್ತಿ ಎಸೆದು ಸುಮ್ಮನಿರುತ್ತಿದ್ದೆ.

ಆದರೆ ನೋಟ್‌ಬುಕ್ಕು ಒಳ್ಳೆಯ ಸುದ್ದಿಯನ್ನೇ ಹೇಳುತ್ತಿತ್ತು. ಮೊದಲ ವಾರ ಅರ್ಧಕ್ಕರ್ಧ ತಪ್ಪು, ನಾಲ್ಕನೇ ವಾರದ ಹೊತ್ತಿಗೆ ದಿನಕ್ಕೆ ಒಂದೋ ಎರಡೋ. ನನಗೆ ಒಳಗೊಳಗೇ ಹೆಮ್ಮೆ. ನಾನು ಚೆನ್ನಾಗಿ ಕಲಿಸುತ್ತಿದ್ದೇನೆ ಅಂದುಕೊಂಡೆ.

ಐದನೇ ವಾರ ಒಂದು ಭಾನುವಾರ ನಾಜಿಯಾ ಬಂದಳು. ಶ್ರೀರಂಗಪಟ್ಟಣದ ಗಂಜಾಮಿನ ಹುಡುಗಿ, ತರಬೇತಿ ಶಾಲೆಯಲ್ಲಿ ಅನುವಿನ ಜೊತೆಗಾರ್ತಿ. ಇವಳಿಗಿಂತ ಮೊದಲೇ ಕೆಲಸಕ್ಕೆ ಸೇರಿ ಆಗಲೇ ಒಂದು ವರ್ಷದಿಂದ ಹಾರಿಸುತ್ತಿದ್ದಳು. ಅವರೆಕಾಳಿನ ಸಾರು, ರೊಟ್ಟಿ ತಿಂದು, ನಮ್ಮ ಪಡಸಾಲೆಯ ಕಾಕ್‌ಪಿಟ್ಟನ್ನು ಸುತ್ತ ಬಂದು ನೋಡಿ, ತೇಗದ ಹಿಡಿಗಳನ್ನು ಸವರಿ, ನಮ್ಮ ಕಂಪನೀಲೂ ಇಷ್ಟು ನುಣುಪಿಲ್ಲ ಅಂಕಲ್ ಎಂದು ಇವರನ್ನು ಉಬ್ಬಿಸಿದಳು. ಆಮೇಲೆ ಎಡಗಡೆಯ ಸೀಟಿನಲ್ಲಿ ಕೂತು, ದುಪಟ್ಟಾ ಹಿಂದಕ್ಕೆ ಹಾಕಿಕೊಂಡು ಪಟ್ಟಿ ಓದತೊಡಗಿದಳು. ನಾನು ಎದುರಿನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅನು ಎಲ್ಲದಕ್ಕೂ ಉತ್ತರ ಕೊಟ್ಟಳು.

ನಾಜಿಯಾ ಓದುವುದನ್ನು ನಿಲ್ಲಿಸಿ ನನ್ನನ್ನು ಒಂದು ಗಳಿಗೆ ನೋಡಿದಳು. ಒಂದು ಕಾಫಿ ಸಿಗತ್ತಾ ಆಂಟಿ ಎಂದಳು. ನಾನು ಒಳಗೆ ಹೋದೆ. ಅವಳು ಮತ್ತೆ ಮೊದಲಿನಿಂದ ಓದಿದ್ದು ಕೇಳಿಸಿತು. ಒಂದು, ಎರಡು, ಮೂರು ಸಾಲು ದಾಟಿತು. ನಾಲ್ಕನೆಯದಕ್ಕೆ ಉತ್ತರ ಬರಲಿಲ್ಲ. ಒಲೆಯ ಮುಂದೆ ನಿಂತಿದ್ದ ನಾನು ಹಾಲಿನ ಪಾತ್ರೆಗೆ ಮುಖ ಮಾಡಿ ಆ ಉತ್ತರದ ಮೊದಲ ಅಕ್ಷರವನ್ನು ಪಿಸುಗುಟ್ಟುತ್ತಿದ್ದೆ. ಆಗ ನನಗೆ ತಿಳಿಯಿತು.

ಅಂಗನವಾಡಿಯಲ್ಲಿ ಮಗು ತಡವರಿಸಿದರೆ ಟೀಚರು ಸುಮ್ಮನೆ ನಿಲ್ಲುವುದಿಲ್ಲ. ಮೊದಲ ಅಕ್ಷರ ಕೊಡುತ್ತೇವೆ, ಮಗು ಉಳಿದದ್ದನ್ನು ಹೇಳುತ್ತದೆ, ನಾವು ಊಂ ಎಂದು ತಲೆಯಾಡಿಸುತ್ತೇವೆ. ಇಪ್ಪತ್ತೆರಡು ವರ್ಷದ ರೂಢಿ. ಅನುವಿನ ಮುಂದೆಯೂ ನನ್ನ ತುಟಿ ತಾನಾಗಿ ಆಡುತ್ತಿತ್ತು. ಅವಳು ಹಲಗೆ ನೋಡದೆ ನನ್ನ ಬಾಯಿ ನೋಡಿ ಉತ್ತರ ಕೊಡುತ್ತಿದ್ದಳು. ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ.

ನಾಜಿಯಾ ಕಾಫಿ ಹಿಡಿದು ಮೆಲ್ಲಗೆ ಹೇಳಿದಳು. "ಆಂಟಿ, ಇವಳ ಜೊತೆ ನೀವೂ ಬರ್ತೀರಾ? ಕಾಕ್‌ಪಿಟ್ ಬಾಗಿಲಲ್ಲಿ ನಿಂತ್ಕೊಂಡು ತುಟಿ ಆಡಿಸ್ತೀರಾ? ಅಲ್ಲಿ ಯಾರೂ ಊಂ ಅನ್ನಲ್ಲ ಆಂಟಿ."

ಅನು ತಲೆ ತಗ್ಗಿಸಿದಳು. ಇವರು ಅಲ್ಲೇ ಮೂಲೆಯಲ್ಲಿ ಕೂತಿದ್ದವರು, "ಇವ್ಳ ಬಾಯಿ ಸುಮ್ನಿರಕ್ಕಿಲ್ಲ ಕಣವ್ವ. ನಿದ್ದೇಲೂ ಅ ಆ ಅಂತಾಳೆ," ಎಂದರು.

ಹೊರಡುವ ಮುಂಚೆ ನಾಜಿಯಾ ಇನ್ನೊಂದು ಮಾತು ಹೇಳಿದಳು. ತಾನು ಸೇರಿದ ಹೊಸದರಲ್ಲಿ ಕ್ಯಾಪ್ಟನ್ ಒಬ್ಬರು ಏನೋ ಮರೆತದ್ದನ್ನು ಕಂಡೂ, ದೊಡ್ಡವರಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದಳಂತೆ. ಅವರೇ ನೋಡಿ ಸರಿ ಮಾಡಿಕೊಂಡರು. ಇಳಿದ ಮೇಲೆ ಬೈದದ್ದು ಮಾತ್ರ ಇವಳನ್ನು. "ಮನೇಲಿ ದೊಡ್ಡೋರ ಮುಂದೆ ಸುಮ್ನಿದ್ರೆ ಅದಬ್, ಮರ್ಯಾದೆ ಅಂತಾರೆ. ಅಲ್ಲಿ ಸುಮ್ನಿರೋದೇ ತಪ್ಪು, ಯಾರ್. ಉತ್ತರ ಹೇಳೋದಲ್ಲ ಅನು, ನಿಲ್ಲಿಸಿ ಅನ್ನೋಕೆ ಬರ್ಬೇಕು," ಎಂದಳು. ಅನು ತಲೆಯಾಡಿಸಿದಳು. ನಾವು ಬೆಳೆಸಿದ ಹುಡುಗಿ. ಅಪ್ಪ ತಪ್ಪು ಅಳತೆ ಹೇಳಿದರೂ ಎದುರಾಡದವಳು. ನನಗೆ ಇನ್ನೂ ಭಯವಾಯಿತು.

ಮಾರನೇ ದಿನದಿಂದ ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಓದತೊಡಗಿದೆ. ಕಣ್ಣು ಹೇಳಿಬಿಡುತ್ತದೆ ಎಂದು ಗೋಡೆಯ ಕಡೆ ತಿರುಗಿ ಕೂತೆ. ನೋಟ್‌ಬುಕ್ಕಿನ ಲೆಕ್ಕ ಮೊದಲ ವಾರಕ್ಕಿಂತ ಕೆಳಗೆ ಬಿತ್ತು. ಹತ್ತು ದಿನ ಹಾಗೆಯೇ ಹೋಯಿತು. ಹೊರಗೆ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು, ಬೆಳಿಗ್ಗೆ ನಾಲೆಯ ಮೇಲೆ ಮಂಜು ಎದ್ದು ಬಾಗಿಲವರೆಗೆ ಬರುತ್ತಿತ್ತು, ಒಳಗೆ ನಾವಿಬ್ಬರೇ ಕೂತಿರುತ್ತಿದ್ದೆವು. ನಾನು ಸಾಲು ಓದುವುದು, ಅವಳು ಉಸಿರು ಹಿಡಿಯುವುದು, ಅಷ್ಟೇ.

ಒಂದು ಸಂಜೆ ಸ್ಟಾಲ್ ಎಂದು ಓದಿದೆ. ಉತ್ತರವಿಲ್ಲ. ನಾನು ಮನಸ್ಸಿನಲ್ಲಿ ಒಂದರಿಂದ ಎಣಿಸಿದೆ. ಇಪ್ಪತ್ತು ದಾಟಿತು. ಹಿಂದಿನಿಂದ ಅವಳ ದನಿ ಬಂತು, ಅಂಗನವಾಡಿಗೆ ಬರುತ್ತಿದ್ದ ವಯಸ್ಸಿನ ದನಿ. "ಒಂದಕ್ಷರ ಹೇಳಮ್ಮ. ಇದೊಂದೇ ಸಲ."

ನಾನು ಹೇಳಲಿಲ್ಲ. ಗೋಡೆಯ ಸುಣ್ಣವನ್ನೇ ನೋಡುತ್ತಾ ಕೂತೆ. ಆ ಗಳಿಗೆಯಲ್ಲಿ ನನ್ನೊಳಗೆ ಬಂದ ಯೋಚನೆ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಇವಳಿಂದ ಆಗುವುದಿಲ್ಲ, ಹೋಗುವುದಿಲ್ಲ, ಟ್ಯೂಷನ್ ಹೇಳಿಕೊಂಡು ಕಣ್ಣ ಮುಂದೆ ಇರುತ್ತಾಳೆ ಎಂದುಕೊಂಡೆ. ಹಾಗೆಂದುಕೊಂಡಾಗ ಹಗುರವಾಯಿತು. ಐದು ವಾರ ತುಟಿ ಆಡಿಸಿದ್ದು ಬರೀ ರೂಢಿಯಿಂದಲೋ, ಅಥವಾ ನಾನಿಲ್ಲದೆ ಅವಳಿಗೆ ಬಾರದಿರಲಿ ಎಂದೋ ಎಂದು ಆ ಸಂಜೆ ಮೊದಲ ಸಲ ಅನುಮಾನ ಬಂತು. ಅನು ಎದ್ದು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆಯುತ್ತಲೇ ಇದ್ದಳು. ನಾನು ಹಿಂದೆ ಹೋಗಲಿಲ್ಲ. ಹೋಗಿದ್ದರೆ ಹೇಳಿಕೊಟ್ಟುಬಿಡುತ್ತಿದ್ದೆ.

ದಾರಿ ತೋರಿಸಿದವರು ಇವರು. ಮಾರನೇ ಬೆಳಿಗ್ಗೆ ಉಳಿ ಮಸೆಯುತ್ತಾ ಅವಳನ್ನು ಹತ್ತಿರ ಕೂರಿಸಿಕೊಂಡರು. "ಬಾಯಿಂದ ಯಾಕವ್ವ ಕಲೀತೀಯ ಮಗ. ಉಳಿ ಹಿಡ್ಯೋದ ಯಾರಾದ್ರೂ ಬಾಯಲ್ಲಿ ಕಲ್ತವ್ರಾ? ನಮ್ಮಪ್ಪ ನಂಗೆ ಆರ್ ತಿಂಗ್ಳು ರದ್ದಿ ಮರದ್ ಮೇಲೆ ಬರೀ ಏಟು ಹಾಕ್ಸವ್ನೆ, ಒಂದ್ ಮಾತಾಡಿಲ್ಲ. ಕೈಗೆ ಬಂದ್ಮೇಲೆ ಬಾಯಿಗೆ ತಾನೇ ಬತ್ತದೆ, ಬುಡು."

ಹಾಗೆ ಐದು ದಿನ ಪಟ್ಟಿ ಓದುವುದನ್ನೇ ಬಿಟ್ಟೆವು. ಅನು ಕಣ್ಣು ಮುಚ್ಚಿ ಕೂತು ಎಡಗೈ ಚಾಚಿ ಹಿಡಿ ಹುಡುಕುತ್ತಿದ್ದಳು, ತಲೆಯ ಮೇಲಿನ ಹಲಗೆಗೆ ಕೈ ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ಇವರು ಹಿಡಿಯ ದಾರಿಯಲ್ಲಿ ಸಣ್ಣ ಕಚ್ಚು ಕೊರೆದು, ಒಂದೊಂದು ಹಂತಕ್ಕೂ ಕಟ್ ಎಂದು ನಿಲ್ಲುವಂತೆ ಮಾಡಿಕೊಟ್ಟರು. ಅಡುಗೆಮನೆಯಿಂದ ಆ ಕಟ್ ಕಟ್ ಕೇಳುತ್ತಾ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಆರನೇ ದಿನ ಕೈಯ ಜೊತೆಗೆ ಅವಳ ದನಿಯೂ ಕೇಳಿಸಿತು. ಮೆಲ್ಲಗೆ, ತನಗೇ ಹೇಳಿಕೊಳ್ಳುವ ಹಾಗೆ. ಮೂತಿ ಕೆಳಗೆ. ರೆಕ್ಕೆ ಸಮ. ಆಮೇಲೆ ಶಕ್ತಿ. ನಾನು ಕೈಯಲ್ಲಿದ್ದ ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿ, ಕಾಳನ್ನು ಎಸೆದುಬಿಟ್ಟಿದ್ದೆ.

ಅವಳು ಮುಂದೆ ತರಬೇತಿ ಮುಗಿಸಿದಳು, ಸಿಮ್ಯುಲೇಟರಿನಲ್ಲಿ ಮೊದಲ ಸಲಕ್ಕೇ ಪಾಸಾದಳು, ಈಗ ಹಾರಿಸುತ್ತಾಳೆ. ಫೋನು ಬಂದ ದಿನ ಇವರು ಬೀದಿಗೆಲ್ಲ ಲಡ್ಡು ಹಂಚಿದರು. ನನ್ನ ಭಯ ಅದರಿಂದ ಹೋಗಲಿಲ್ಲ, ಇನ್ನೂ ಇದೆ. ಆದರೆ ಅದರ ಜೊತೆ ಬದುಕಬಹುದು ಅನ್ನಿಸಿದ್ದು ಫೋನು ಬಂದ ದಿನವಲ್ಲ. ಅವಳು ಹೊರಡುವ ಹಿಂದಿನ ಸಂಜೆ.

ಸಂಕ್ರಾಂತಿಯ ಎಳ್ಳುಬೆಲ್ಲ ಡಬ್ಬಿಯಲ್ಲಿ ಇನ್ನೂ ಇತ್ತು. ಸೂಟ್‌ಕೇಸು ಬಾಗಿಲ ಪಕ್ಕ ನಿಂತಿತ್ತು. ಇವರು ಬೆಳಗಿನ ಬಸ್ಸಿಗೆ ಆಟೋ ಹೇಳಲು ಹೋಗಿದ್ದರು. ಕೊನೆಗೆ ಒಂದು ಸಲ ಎಂದು ಕೂತೆವು. ನಾಜಿಯಾ ಕೂತಿದ್ದ ಎಡಗಡೆಯ ಸೀಟಿನಲ್ಲಿ ಅವಳು ನನ್ನನ್ನು ಕೂರಿಸಿದಳು. ನೀನೇ ಕ್ಯಾಪ್ಟನ್, ಗೋಡೆ ನೋಡಬೇಡ, ನೇರ ಕೂತು ಓದು ಎಂದಳು. ನೆಲ ಬಿಟ್ಟು ಏಳುವ ಮುಂಚಿನ ಪಟ್ಟಿ. ಓದತೊಡಗಿದೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಹಲಗೆಯ ಮೇಲೆ ಬಿದ್ದಿತ್ತು. ನಾಳೆ ಈ ಹೊತ್ತಿಗೆ ಇವಳಿರುವುದಿಲ್ಲ ಎಂಬುದೇ ತಲೆಯಲ್ಲಿ. ಕಣ್ಣು ಮಂಜಾಗಿ ಅಕ್ಷರಗಳು ಕಲಸಿಹೋದವು. ಹೇಗೋ ಒಂದು ಸಾಲು ಓದಿದೆ.

ಉತ್ತರ ಬರಲಿಲ್ಲ.

ಮತ್ತೆ ಬಾಯಿ ಕಟ್ಟಿತು, ನಾಳೆ ಹೊರಡಬೇಕಾದವಳಿಗೆ ಮತ್ತೆ ಕಟ್ಟಿತು ಎಂದುಕೊಂಡೆ. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಎಣಿಸಲೂ ಧೈರ್ಯ ಬರಲಿಲ್ಲ.

"ನಿಲ್ಲಿಸಿ," ಎಂದಳು ಅನು.

ನಾನು ತಿರುಗಿ ನೋಡಿದೆ. ಅವಳ ಕಣ್ಣು ಹಲಗೆಯ ಮೇಲಿತ್ತು.

"ಒಂದು ಸಾಲು ಬಿಟ್ಟಿದೀರಿ. ಹಿಂದಕ್ಕೆ ಹೋಗಿ."

ಪಟ್ಟಿ ನೋಡಿದೆ. ಹೌದು, ನಡುವೆ ಒಂದು ಸಾಲು ಹಾರಿಸಿದ್ದೆ. ನನಗೆ ಮುಜುಗರವಾಯಿತು, ಅಳುವೂ ಬರುವಂತಿತ್ತು. ಪರವಾಗಿಲ್ಲ ಬಿಡು ಮಗ, ಹೊತ್ತಾಯಿತು, ಮುಂದಿನದು ಹೇಳು, ಅಡುಗೆ ಇನ್ನೂ ಆಗಿಲ್ಲ ಎಂದೆ. ಹುಟ್ಟಿದಾಗಿನಿಂದ ನಾನು ಬಿಡು ಎಂದದ್ದನ್ನು ಬಿಟ್ಟೇ ರೂಢಿ ಅವಳಿಗೆ.

"ಇಲ್ಲ. ಆ ಸಾಲು ಓದೋವರೆಗೂ ನಾವು ನೆಲ ಬಿಡಲ್ಲ."

ಜೋರು ಮಾಡಲಿಲ್ಲ, ಕೋಪವೂ ಇರಲಿಲ್ಲ. ಅಂಥ ದನಿಯನ್ನು ನಾನು ನಮ್ಮ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಚಾರ್ಟಿನ ಮೇಲೆ ಬೆರಳಿಟ್ಟು ಮೇಲಿನ ಸಾಲಿಗೆ ಹೋದೆ. ಫ್ಲಾಪ್ಸ್ ಎಂದು ಓದಿದೆ. ಅವಳು ಎಡಗೈ ಚಾಚಿ ಅದರ ಜಾಗ ಮುಟ್ಟಿ, ಕಣ್ಣೆತ್ತಿ ಹಲಗೆ ನೋಡಿ, ಉತ್ತರ ಹೇಳಿದಳು. ನನ್ನ ಮುಖದ ಕಡೆ ಒಮ್ಮೆಯೂ ನೋಡಲಿಲ್ಲ.